ಹಾವಿಲ್ಲದ ಊರಿನಲ್ಲಿ ತನಿ ಎರೆದೆ

ಎರಡು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋದ ಮೇಲೆ ಮೂರನೆಯದು ನಿಂತಿತ್ತು. ಒಂಬತ್ತು ವಾರ. ಐರ್ಲೆಂಡಿನ ಸ್ವೋರ್ಡ್ಸ್ ಊರಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತುವುದಕ್ಕೂ ಹೆದರುತ್ತಿದ್ದೆ. ಬಸ್ಸು ಸ್ವಲ್ಪ ಎತ್ತಿ ಹಾಕಿದರೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ನಾಗರ ಪಂಚಮಿಯ ಹಿಂದಿನ ದಿನ ಬೆಂಗಳೂರಿನಿಂದ ಅಮ್ಮನ ಫೋನು ಬಂತು.

"ಆ ಎರಡು ವರ್ಷವೂ ನೀನು ನಾಗಪ್ಪಂಗೆ ತನಿ ಎರೀಲಿಲ್ಲ. ಈ ಸಲನಾದ್ರೂ ಹಾಲು ಎರೀ."

"ಅಮ್ಮಾ, ಈ ದೇಶದಲ್ಲಿ ಹಾವೇ ಇಲ್ಲ."

"ಹಾವಿಲ್ಲ ಅಂದ್ರೆ ನಾಗಪ್ಪ ಇಲ್ವಾ? ಎಲ್ಲಾದ್ರೂ ಒಂದು ಹುತ್ತ ನೋಡ್ಕೋ. ಹನ್ನೊಂದು ದಿನ ಎರೆದುಬಿಡು."

ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ ಎಂದು ಈಗ ಬರೆದರೆ ಅದು ಅರ್ಧ ನಿಜ ಮಾತ್ರ. ನಂಬಿಕೆ ಇರಲಿಲ್ಲ, ಭಯ ಇತ್ತು. ಎರಡಕ್ಕೂ ಮಾಡುವ ಪೂಜೆ ಒಂದೇ.

ಹಿತ್ತಲಿನ ಬೇಲಿಯ ಬುಡದಲ್ಲಿ ಹಿಂದೆ ಇದ್ದವರು ಒಟ್ಟಿ ಹೋದ ಒಣ ಎಲೆ, ಕಡ್ಡಿಗಳ ಗುಡ್ಡೆಯಿತ್ತು. ಅದನ್ನೇ ಹುತ್ತ ಮಾಡಿಕೊಂಡೆ. ಅರಿಸಿನ ಕುಂಕುಮ ಇಟ್ಟು, ತಂಬಿಟ್ಟು ಇಟ್ಟು, ಸ್ಟೀಲ್ ತಟ್ಟೆಯ ತುಂಬ ಹಾಲು ಹಾಕಿ ಕೈಮುಗಿದೆ. ಮರುದಿನ ಬೆಳಿಗ್ಗೆ ತಟ್ಟೆ ಖಾಲಿ. ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು. ಅಮ್ಮನಿಗೆ ಹೇಳಿದೆ. ಅವಳು ಆ ಕಡೆ ಅತ್ತೇಬಿಟ್ಟಳು.

ಮೂರನೆಯ ದಿನ, ಇನ್ನೂ ಬೆಳಕಿರುವಾಗಲೇ, ಕುಡಿಯುವವರು ಯಾರೆಂದು ಕಂಡಿತು. ಹೆಜ್‌ಹಾಗ್. ನಮ್ಮ ಕಡೆಯ ಮುಳ್ಳುಹಂದಿಯಂತೆ ಉದ್ದ ಮುಳ್ಳಿನದಲ್ಲ, ಒಂದು ತೆಂಗಿನಕಾಯಿಯಷ್ಟು ಗಾತ್ರದ ಪುಟ್ಟ ಪ್ರಾಣಿ. ಗುಡ್ಡೆಯ ಒಳಗಿಂದ ಬಂದು ತಟ್ಟೆಗೆ ಮೂತಿ ಇಟ್ಟು ಚಪ್ಪರಿಸಿ ಕುಡಿಯಿತು. ಆ ಬೇಸಿಗೆ ಮಳೆ ಇಲ್ಲದೆ ಹುಲ್ಲು ಕಂದಿಹೋಗಿತ್ತು, ನೆಲ ಬಿರಿದಿತ್ತು. ಹುಳುಗಳೆಲ್ಲ ಮಣ್ಣಿನ ಆಳಕ್ಕೆ ಇಳಿದಿದ್ದವು. ಅದಕ್ಕೆ ತಿನ್ನಲೂ ಇಲ್ಲ, ಕುಡಿಯಲೂ ಇಲ್ಲ ಎಂಬುದು ನನಗೆ ಆಮೇಲೆ ತಿಳಿದದ್ದು. ಆಗ ಅನಿಸಿದ್ದು ಇಷ್ಟೇ: ಹಾವಿಲ್ಲದ ಕಡೆ ನಾಗಪ್ಪ ತನ್ನ ಬದಲು ಇದನ್ನು ಕಳಿಸಿದ್ದಾನೆ. ಸಂತೋಷಕ್ಕೆ ಹಾಲು ಹೆಚ್ಚು ಮಾಡಿದೆ. ಬೆಳಿಗ್ಗೆ ಒಂದು ತಟ್ಟೆ, ಸಂಜೆ ಒಂದು ತಟ್ಟೆ.

ಎಂಟನೆಯ ದಿನ ಹುಲ್ಲಿನ ಮೇಲೆ ಹಸಿರು ಲೋಳೆಯಂಥ ಭೇದಿ ಕಂಡಿತು. ಏನು ತಿಂತೋ ಅಂದುಕೊಂಡೆ. ಹತ್ತನೆಯ ದಿನ ಅದು ತಟ್ಟೆಯ ಪಕ್ಕದಲ್ಲೇ ಸತ್ತು ಬಿದ್ದಿತ್ತು. ಹಿಂಗಾಲೆಲ್ಲ ಹೊಲಸು ಮೆತ್ತಿಕೊಂಡಿತ್ತು. ಮೈ ಎಷ್ಟು ಒಣಗಿತ್ತೆಂದರೆ ಮುಳ್ಳುಗಳ ಕೆಳಗೆ ಚರ್ಮ ಸಡಿಲವಾಗಿ ಜೋತಿತ್ತು.

ಪಕ್ಕದ ಮನೆಯಲ್ಲಿ ಒಬ್ಬಳೇ ಇರುವ ಐರಿಶ್ ಅಜ್ಜಿಯನ್ನು ಕರೆದೆ. ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಹಾಲು ಇಟ್ಟಿದ್ದೆಯಾ?" ಎಂದು ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು. "ಅದಕ್ಕೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ, ಮಗಳೇ. ಬಾಯಾರಿ ಕುಡಿಯುತ್ತದೆ, ಭೇದಿಯಾಗಿ ಸಾಯುತ್ತದೆ. ನೀರು ಇಡಬೇಕಿತ್ತು."

ಆಮೇಲೆ ಸತ್ತದ್ದನ್ನು ಸಲಿಕೆಯಿಂದ ಹೊರಳಿಸಿದಳು. ಹೊಟ್ಟೆಯ ಮೇಲೆ ಮೊಲೆತೊಟ್ಟುಗಳು ಉಬ್ಬಿದ್ದವು, ಮರಿಗಳಿಗೆ ಹಾಲೂಡುತ್ತಿದ್ದ ತಾಯಿ.

ನಾವು ಗುಡ್ಡೆ ಕೆದಕಲಿಲ್ಲ. ಅವೇ ಹೊರಬಂದವು. ಮಟಮಟ ಮಧ್ಯಾಹ್ನ, ಎರಡು ಮರಿಗಳು, ಹಕ್ಕಿಮರಿಯಂತೆ ಕೀಚು ಕೀಚು ಎನ್ನುತ್ತ ತಾಯಿಯನ್ನು ಹುಡುಕಿಕೊಂಡು ಬಿಸಿಲಿನಲ್ಲಿ ತೆವಳುತ್ತಿದ್ದವು. ಬೇಲಿಯ ಮೇಲೆ ಕಾಗೆ ಜಾತಿಯ ಕಪ್ಪುಬಿಳುಪಿನ ಮ್ಯಾಗ್‌ಪೈ ಹಕ್ಕಿಗಳು ಆಗಲೇ ಬಂದು ಕೂತಿದ್ದವು. ಒಂದರ ಕಣ್ಣಂಚಿನಲ್ಲಿ, ಕಿವಿಯಲ್ಲಿ ನೊಣಗಳು ಮೊಟ್ಟೆಯಿಟ್ಟಿದ್ದವು, ಅಕ್ಕಿನುಚ್ಚು ಅಂಟಿಸಿದ ಹಾಗೆ. ಅಜ್ಜಿ ಕಣ್ಣಿಗೆ ಕನ್ನಡಕ ಏರಿಸಿ, ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ತೆಗೆದಳು. ನಾನು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಅಳುತ್ತಿದ್ದೆ. ಅನಾಥ ಪ್ರಾಣಿಗಳನ್ನು ಆರೈಕೆ ಮಾಡುವವರ ಬಳಿಗೆ ಕಾರಿನಲ್ಲಿ ಹೋಗುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಒಂದರ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದರದೂ ನಿಂತಿತು. ಅಜ್ಜಿ ಕಾರನ್ನು ಬದಿಗೆ ನಿಲ್ಲಿಸಿ, "ನಿನಗೆ ಗೊತ್ತಿರಲಿಲ್ಲ" ಎಂದಳು. ಗೊತ್ತಿರಲಿಲ್ಲ, ನಿಜ. ಕೇಳಲೂ ಇಲ್ಲವಲ್ಲ. ಬೇಲಿಯಾಚೆ ಕೂಗಿದ್ದರೆ ಸಾಕಿತ್ತು, ಹೇಳುತ್ತಿದ್ದಳು. ನನ್ನ ಮಗು ಉಳಿಯಲಿ ಎಂದು ಇನ್ನೊಂದು ತಾಯಿಯ ಬಾಯಿಗೆ ದಿನಕ್ಕೆರಡು ಹೊತ್ತು ವಿಷ ಇಟ್ಟೆ, ಅದೂ ಕೈಮುಗಿದು.

ಅದಾದ ಮೇಲೆ ಪ್ರತಿ ಸ್ಕ್ಯಾನಿಗೂ, ಇವತ್ತು ಸೇಡು ತೀರುತ್ತದೆ ಎಂದುಕೊಂಡೇ ಮಲಗುತ್ತಿದ್ದೆ. ಏನೂ ಆಗಲಿಲ್ಲ. ಮಗಳು ಹುಟ್ಟಿದಳು, ಗುಂಡಗೆ, ಆರೋಗ್ಯವಾಗಿ.

ಅಮ್ಮನಿಗೆ ಇಂದಿಗೂ ಹೇಳಿಲ್ಲ. ಅವಳು ನೆಂಟರಿಗೆಲ್ಲ ಹೇಳುತ್ತಾಳೆ: "ಐರ್ಲೆಂಡ್‌ನಲ್ಲೂ ನಾಗಪ್ಪ ಬಂದು ಹಾಲು ಕುಡಿದ ಕಣ್ರೀ. ಅದಕ್ಕೇ ನಮ್ ಮಗು ಉಳೀತು." ಫೋನಿನ ಈ ಕಡೆ ನಾನು ಹೂಂ ಅನ್ನುತ್ತೇನೆ.

ಈಗ ಮಗಳಿಗೆ ನಾಲ್ಕು ವರ್ಷ. ಪಂಚಮಿಯ ದಿನ ಗುಡ್ಡೆಯ ಹತ್ತಿರ ಅದೇ ತಟ್ಟೆಯಲ್ಲಿ ನೀರು ಇಡುತ್ತೇನೆ. ಆ ದಿನ ಮಾತ್ರವಲ್ಲ, ಬೇಸಿಗೆಯುದ್ದಕ್ಕೂ ಇಡುತ್ತೇನೆ. ಯಾರಿಗೆ ಎಂದು ಮಗಳು ಇಲ್ಲಿಯ ಮಕ್ಕಳ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಬಾಯಾರಿದವರಿಗೆ ಅನ್ನುತ್ತೇನೆ. ಬೆಳಿಗ್ಗೆ ಎದ್ದ ತಕ್ಷಣ ಬರಿಗಾಲಿನಲ್ಲಿ ಓಡಿಹೋಗಿ ನೋಡಿ ಬರುತ್ತಾಳೆ.

ಇಷ್ಟು ವರ್ಷದಲ್ಲಿ ತಟ್ಟೆ ಒಮ್ಮೆಯೂ ಖಾಲಿಯಾಗಿಲ್ಲ.