ನಿಮ್ಮ ಅವ್ವ ಕೇಳಿದ ಒಂದು ತಾಸು

ನಿಮ್ಮ ಅವ್ವ ತನ್ನ ಬಿಪಿಯನ್ನು ತಾನೇ ನಿರ್ಲಕ್ಷಿಸಿದಳು ಎಂಬುದು ಸುಳ್ಳು, ಮಕ್ಕಳೇ. ಆ ಸುಳ್ಳು ಹುಟ್ಟಿದ್ದು ನಿಮ್ಮ ಅಜ್ಜಿಯಾದ ನನ್ನ ಬಾಯಿಂದ.

ಆಗ ಅವಳು ನಮ್ಮೂರ ಸರಕಾರಿ ದವಾಖಾನೆಯ ಒಬ್ಬಳೇ ಡಾಕ್ಟರು. ಬೆಳಗಿನಿಂದ ರೋಗಿಗಳು, ನಡುವೆ ಹೆರಿಗೆ, ಆಮೇಲೆ ನವಲಗುಂದದಲ್ಲಿ ಮೀಟಿಂಗು. ಮನೆಗೆ ಬಂದರೆ ರೊಟ್ಟಿಯನ್ನೂ ಅವಳೇ ಬಡಿಯಬೇಕು — ಅದು ನನ್ನ ಹಟ. ಒಂದು ದಿನ ನನ್ನ ಬಳಿ ಬಂದಳು.

"ಅತ್ತಿ, ಬಿಪಿ ಭಾಳ ಏರೇತ್ರಿ. ಗುಳಿಗಿ ಚಾಲೂ ಮಾಡೇನಿ. ಸಂಜಿಕ ಬಂದು ಒಂದ್ ತಾಸು ಮಲಗ್ತೀನ್ರಿ. ಯಾರರ ಬಂದ್ರ ನಾಳೆ ಬರ್ರಿ ಅನ್ರಿ."

"ದೀಪಾ ಹಚ್ಚೂ ಹೊತ್ತಿನ್ಯಾಗ ಸೊಸಿ ಮಲಗಿದ್ರ ಲಕ್ಷ್ಮಿ ಒಳಗ ಬರ್ತಾಳೇನವಾ? ಊರಿಗೆಲ್ಲಾ ಔಷಧ ಕೊಡಾಕಿಗೆ ಎಂಥಾ ಬ್ಯಾನಿ!" ಎಂದು ನಕ್ಕೆ. ನಕ್ಕೆ!

ನಿಮ್ಮಪ್ಪ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದ. ಅವನಿಗೆ ನಾನೇ ಹೇಳುತ್ತೇನೆ ಎಂದೆ — ಹೇಳಲಿಲ್ಲ. ಅವನಿಗೆ ಬಿಪಿ ತುಸು ಏರಿದಾಗ ಇಡೀ ಮನೆಯ ಸಾರಿಗೆ ಉಪ್ಪು ಕಡಿಮೆ ಮಾಡಿದವಳು ನಾನು. ಇವಳಿಗೆ ಒಂದು ತಾಸು ಕೊಡಲಿಲ್ಲ. ಹೊರಗಿನವರಿಗೆ "ಇಲ್ಲ" ಎನ್ನಲು ನನಗೆ ಸಂಕೋಚ. ಸೊಸೆಯ ಮೇಲೆ ಮಾತ್ರ ಬಾಯಿ ಜೋರು.

ಆದರೂ ಆ ಸಂಜೆ ಅವಳು ಬಂದು ಮಲಗಿದಳು. ಅಷ್ಟರಲ್ಲಿ ಪಕ್ಕದ ಓಣಿಯ ಶಾಂತವ್ವ ಮೊಣಕಾಲು ನೋವೆಂದು ಬಂದಳು. "ಡಾಕ್ಟರಬಾಯಿ ಹೊತ್ತು ಮುಳುಗೂದ್ರಾಗ ಮಕ್ಕೊಂಡಾಳೇನ ಬೇ? ರಾಣಿಗತೆ ನಡಸ್ಯಾಳಲ್ಲ!" ಎಂದು ಕುಟುಕಿದಳು. ನಾನು ನಾಚಿ, ಒಳಗೆ ಹೋಗಿ ಸೊಸೆಯನ್ನು ಅಲುಗಿಸಿದೆ.

"ತಲಿ ಸಿಡಿಯಾಕತ್ತೈತ್ರಿ, ಅತ್ತಿ..."

"ಏಳು" ಎಂದೆ.

ಎದ್ದಳು. ಹೊಸ್ತಿಲು ದಾಟುವ ಮೊದಲೇ ಕುಸಿದಳು. ಲಕ್ವ ಹೊಡೆದು ಬಲಗೈ ಅಂದೇ ಹೋಯಿತು. ಮಾತು ಇಂದಿಗೂ ತೊದಲು.

ಹುಬ್ಬಳ್ಳಿಯಲ್ಲಿ ಡಾಕ್ಟರು ಕೇಳಿದರು, "ಬಿಪಿ ಇದ್ದದ್ದು ಮನ್ಯಾಗ ಯಾರಿಗೂ ಗೊತ್ತಿರಲಿಲ್ಲೇನ್ರಿ?" ನಿಮ್ಮಪ್ಪ ನನ್ನ ಮುಖ ನೋಡಿದ.

"ನಮಗ್ಯಾರಿಗೂ ಹೇಳಿಲ್ರಿ" ಎಂದೆ.

ಅಂದಿನಿಂದ ಊರೆಲ್ಲ ಅದೇ ಮಾತು — ಓದಿದವಳು, ತನ್ನನ್ನೇ ನೋಡಿಕೊಳ್ಳಲಿಲ್ಲ! ಯಾರು ಬಿಟ್ಟಿದ್ದರು ನೋಡಿಕೊಳ್ಳಲು? ಇಡೀ ಊರಿನ ಭಾರ ಒಬ್ಬಳ ಮೇಲೆ ಹೇರಿದವರೇ? ಮೊಣಕಾಲಿಗೂ ಮನೆಗೇ ಬಂದವರೇ? ನಾನೇ? ಅವಳು ನೋಡಿಕೊಂಡಿದ್ದಳು. ಬಾಯಿಬಿಟ್ಟು ಕೇಳಿದ್ದಳು.

ಮೊನ್ನೆ ನಿಮ್ಮಲ್ಲಿ ಹಿರಿಯಳು ತಾನೂ ಡಾಕ್ಟರಾಗುತ್ತೇನೆ ಎಂದಾಗ ನಿಮ್ಮಪ್ಪ, "ಆಗು, ಆದ್ರ ಅವ್ವನಂಗ ಅಸಡ್ಡಿ ಮಾಡಬ್ಯಾಡ" ಎಂದ. ನಿಮ್ಮ ಅವ್ವ ಅಲ್ಲೇ ಕೂತಿದ್ದಳು. ನನ್ನ ಕಡೆ ನೋಡಲೂ ಇಲ್ಲ — ತಲೆ ತಗ್ಗಿಸಿದಳು, ತಪ್ಪು ತನ್ನದೇ ಎಂಬಂತೆ.

ಇವತ್ತು ಎಲ್ಲರೂ ಊಟಕ್ಕೆ ಕೂತಾಗ, ಅವಳ ಎದುರಿಗೇ, ನಿಮ್ಮಪ್ಪನಿಗೆ ಹೇಳುತ್ತೇನೆ. ಅವನು ಸಿಟ್ಟಾದರೆ ನೀವು ಯಾರೂ ಅಜ್ಜಿಯ ಪರವಾಗಿ ಮಾತಾಡಬೇಡಿ.