ಪಿಸಿಲಕ್ಕನ ಕಾಲುನೋವು

ನಮ್ಮ ಓಣಿಗೆ ಬೆಳಗಾಗುವುದು ಕೋಳಿ ಕೂಗಿನಿಂದಲ್ಲ, ಪಿಸಿಲಕ್ಕನ ಕೊಡತಿಯ ಸದ್ದಿನಿಂದ. ಟಕ್ ಟಕ್, ಟಕ್ ಟಕ್. ನೆನೆಸಿದ ಒಳತೊಗಟೆಯನ್ನು ಮರದ ದಿಮ್ಮಿಯ ಮೇಲೆ ಹಾಸಿ, ಕುಟ್ಟಿ ಕುಟ್ಟಿ ಬಟ್ಟೆಯಷ್ಟು ತೆಳ್ಳಗೆ ಮಾಡುವುದು ಅವರ ಕೆಲಸ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಳಿದ ಹೆಂಗಸರು ದಿಮ್ಮಿಯ ಉದ್ದಕ್ಕೂ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪಿಸಿಲಕ್ಕ ಮಾತ್ರ ಮಂಡಿಯೂರಿ ಕುಟ್ಟುತ್ತಿದ್ದಾರೆ. ಬಲಗಾಲಿಗೆ ಬೆಳ್ಳಗಿನ ಬ್ಯಾಂಡೇಜು.

“ಪೇಪರಿಗೆ ಬರೀತೀಯಾ? ಬರ್ಕೊ. ಆದ್ರೆ ಕಾಲುನೋವು ಅಂತ ಬರಿ” ಎಂದರು. ಕನ್ನಡದ ಪೇಪರಿಗೆ ಅಕ್ಕ, ನಮ್ಮ ವವಾವು ದ್ವೀಪದಲ್ಲಿ ಯಾರೂ ಓದುವುದಿಲ್ಲ ಎಂದೆ. ಕೊಡತಿ ನಿಂತಿತು. “ನನ್ ತಮ್ಮನೂ ಓದಲ್ವಾ? ಹಾಗಾದ್ರೆ ಎಲ್ಲಾ ಬರಿ ಮಾರಾಯ್ತಿ, ನನಗೂ ಹೊಟ್ಟೆಯಲ್ಲಿಟ್ಕೊಂಡು ಸಾಕಾಗಿದೆ!”

ಅಪ್ಪಣೆ ಸಿಕ್ಕಿತಲ್ಲ, ಹೇಳಿಬಿಡುತ್ತೇನೆ. ಆ ಕಾಲಿಗೆ ಏನೂ ಆಗಿಲ್ಲ. ಪೆಟ್ಟಾಗಿರುವುದು ಬೆನ್ನಿನ ಬುಡದ ಬಾಲದ ಮೂಳೆಗೆ.

ಪಿಸಿಲಕ್ಕನಿಗೆ ಅರವತ್ತು ದಾಟಿದೆ. ಗಂಡ ಮೀನಿಗೆ ಹೋದವನು ಬರಲಿಲ್ಲ, ಮಕ್ಕಳಾಗಿರಲಿಲ್ಲ. ತಾಯಿಯ ಕೊಡತಿ ಕೈಗೆ ಬಂತು, ಅದೇ ಬದುಕಾಯಿತು. ಊರಲ್ಲಿ ಮದುವೆಯಾಗಲಿ ಮಣ್ಣಾಗಲಿ, ಅವರು ಕುಟ್ಟಿದ ಬಟ್ಟೆ ಹಾಸದೆ ನಡೆಯುವುದಿಲ್ಲ. ಹಾಸಿದ ಮೇಲೆ ಅದರ ಮೇಲಿನ ಬಣ್ಣದ ಚಿತ್ತಾರವನ್ನು ಎಲ್ಲರೂ ಹೊಗಳುತ್ತಾರೆ. ಕೆಳಗಿನ ಬಟ್ಟೆ ಕುಟ್ಟಿದವರು ಯಾರೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಇದಕ್ಕೆ ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ. “ಹರಿಯದೇ ಇದ್ರೆ ಸಾಕಪ್ಪ, ಹೆಸರು ಯಾರಿಗೆ ಬೇಕು?” ಅನ್ನುತ್ತಾರೆ.

ಬಿದ್ದದ್ದು ಕೆಲವು ತಿಂಗಳ ಹಿಂದೆ, ಒಂದು ಭಾನುವಾರ, ಚರ್ಚಿನ ಮೆಟ್ಟಿಲ ಮೇಲೆ, ಇಡೀ ಊರಿನ ಎದುರಿಗೆ. ಮಳೆ ಬಂದು ನಿಂತಿತ್ತು. “ಜಾರಿದ್ದೇ ತಡ, ಧೊಪ್ಪಂತ ಅಂಡು ಊರಿಬಿಟ್ಟೆ. ಚರ್ಚಿಗೆ ಹೋಗುವಾಗ ಎಲ್ಲರ ಹಾಗೆ ಸೊಂಟಕ್ಕೆ ಚಾಪೆ ಸುತ್ಕೊಂಡಿದ್ದೆ, ಅದೂ ಕೈಕೊಡ್ತು. ಕಣ್ಣಲ್ಲಿ ನಕ್ಷತ್ರ!” ತಲೆ ಎತ್ತಿ ನೋಡಿದರೆ ಎದುರಿಗೇ ತಮ್ಮ ಕೆಪುವೇಲಿ. ಅವನು ತಟ್ಟನೆ ಸಮುದ್ರದ ಕಡೆ ಮುಖ ತಿರುಗಿಸಿದ. ಪಿಸಿಲಕ್ಕ ಹಲ್ಲು ಕಚ್ಚಿ ಎದ್ದು, “ಕಾಲು ಉಳುಕಿತು” ಅಂದರು.

ನಮ್ಮಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರ ಎದುರು ಮೈಯ ಮಾತಾಡುವಂತಿಲ್ಲ. ಒಂದೇ ಕೋಣೆಯಲ್ಲಿ ಕೂತು ಹುಡುಗಾಟದ ಸಿನಿಮಾ ಕೂಡ ನೋಡುವುದಿಲ್ಲ. ಅಂಥದ್ದರಲ್ಲಿ ಅಂಡಿನ ಸುದ್ದಿ ಎತ್ತುವುದುಂಟೆ? ಹಾಗಾದರೆ ನರ್ಸಿಗೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಅಯ್ಯೋ, ಊರಿಗೆ ಇರುವ ಒಬ್ಬನೇ ನರ್ಸು ಆ ಕೆಪುವೇಲಿಯೇ! ಪೇಟೆಯ ಆಸ್ಪತ್ರೆಗೆ ಹೋಗೋಣವೆಂದರೆ ವ್ಯಾನೂ ಅವನದೇ.

ಅವನ ಹೆಂಡತಿ ಲೆಸಿಯೇಲಿಗೆ ಎಲ್ಲ ಗೊತ್ತು. ಪಕ್ಕದಲ್ಲೇ ಕೂತು ಕುಟ್ಟುತ್ತಿದ್ದವಳು ಮುಸಿಮುಸಿ ನಗುತ್ತಾಳೆ. “ನಾನಾದ್ರೂ ಹೇಗೆ ಹೇಳಲಿ? ಗಂಡನ ಹತ್ರ ಅವರಕ್ಕನ ಅಂಡಿನ ವರದಿ ಒಪ್ಪಿಸ್ಲಾ? ಅವರು ಕಿಟಕಿ ಕಡೆ ಮುಖ ಮಾಡ್ಕೊಂಡು ಹೀಗೆ ಕಟ್ಟು, ಹಾಗೆ ಕಟ್ಟು ಅಂತಿದ್ರು. ನಾನು ಅತ್ತಿಗೆಯ ಎಡಗಾಲಿಗೆ ಕಟ್ಟಿದೆ.”

“ಎಡಗಾಲಾ?” ನನ್ನ ಕಣ್ಣು ಬಲಗಾಲಿನ ಬ್ಯಾಂಡೇಜಿನ ಮೇಲಿತ್ತು.

“ಆಮೇಲಿನ ವಾರ ಅತ್ತಿಗೆ ಮರೆತು ಬಲಗಾಲು ಕುಂಟಿದ್ರು!” ದಿಮ್ಮಿಯ ಸುತ್ತ ಇದ್ದವರೆಲ್ಲ ಗೊಳ್ಳೆಂದರು. “ನಗಿಸ್ಬೇಡ್ರೇ, ನಕ್ಕರೂ ಪ್ರಾಣ ಹೋಗುತ್ತೆ” ಎಂದು ಪಿಸಿಲಕ್ಕ ಕೊಡತಿ ಎತ್ತಿ ಹೆದರಿಸಿದರು. ಕೆಪುವೇಲಿ ಮಾತ್ರ ಆವತ್ತು ನಗಲಿಲ್ಲವಂತೆ. ಬಲಗಾಲಿಗೆ ಕಟ್ಟು ಅಂದನಂತೆ, ಅಷ್ಟೇ.

ಜೊತೆಗೆ ಪಥ್ಯ ಬೇರೆ. ಕಾಲುನೋವಿರುವವರು ಗಟ್ಟಿ ನೆಲದ ಮೇಲೆ ಕೂರಬಾರದು. ಕೂತರೂ ಮುಂದಕ್ಕೆ ಬಾಗಿ ಕೂರಬೇಕು. ಕಾಲುನೋವಿಗೆ ಪಪ್ಪಾಯಿ ತಿನ್ನಬೇಕು, ನೀರು ಕುಡಿಯಬೇಕು, ತಿಣುಕಬಾರದು. “ಕಾಲಿಗೂ ಪಪ್ಪಾಯಿಗೂ ಏನೇ ಸಂಬಂಧ? ಇವನಿಗೆ ವಯಸ್ಸಾಯ್ತು ಅಂದ್ಕೊಂಡೆ. ಆದ್ರೂ ತಮ್ಮ ಹೇಳಿದ್ದು ಅಂತ ತಿಂದೆ.”

ನಗುತ್ತಲೇ ಹೇಳುತ್ತಾರೆ, ಆದರೆ ಆ ತಿಂಗಳುಗಳಲ್ಲಿ ಅವರು ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೇನೆ. ಚರ್ಚಿನಲ್ಲಿ ಹಿಂದೆ ಗೋಡೆಗೆ ಆತು ನಿಲ್ಲುತ್ತಿದ್ದರು. ಊಟ ಮಗ್ಗುಲಾಗಿ ಮಲಗಿ. ಕೂತು ಏಳುವಾಗ ಮುಖ ಸುಣ್ಣದ ಹಾಗಾಗುತ್ತಿತ್ತು. ಮಂಡಿಯೂರಿ ಕುಟ್ಟಿದರೆ ಮಂಡಿ ಊದುತ್ತಿತ್ತು, ಕೂತರೆ ಬೆನ್ನ ಬುಡದಲ್ಲಿ ಚೂರಿ. ಒಮ್ಮೆ ಒಬ್ಬರೇ ದಿಮ್ಮಿಗೆ ಹಣೆ ಹಚ್ಚಿ ಅಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ನೋವಿಗಲ್ಲ ಕಣೇ, ಸಿಯಾಲೆ ಮದುವೆಗೆ” ಎಂದಿದ್ದರು ಆವತ್ತು.

ಸಿಯಾಲೆ ಕೆಪುವೇಲಿಯ ಮಗಳು. ತಮ್ಮನ ಮಗಳ ಮದುವೆಯೆಂದರೆ ಸೋದರತ್ತೆಯೇ ದೊಡ್ಡವಳು. ಹಾಸಿದ ಬಟ್ಟೆಯ ಮೇಲೆ, ಎಲ್ಲರಿಗಿಂತ ಮುಂದೆ, ಮೊದಲ ಹಾಡಿನಿಂದ ಕೊನೆಯ ಭಾಷಣದವರೆಗೆ ಅವಳು ಕೂತಿರಬೇಕು. ನಿಲ್ಲುವಂತಿಲ್ಲ, ಮಲಗುವಂತಿಲ್ಲ. ನಡುವೆ ಎದ್ದುಹೋದರೆ ಅತ್ತೆಗೆ ಈ ಮದುವೆ ಒಪ್ಪಿಗೆಯಿಲ್ಲ ಎಂದೇ ಗಂಡಿನ ಕಡೆಯವರು ತಿಳಿಯುತ್ತಾರೆ. ಬೇರೆ ಯಾರನ್ನಾದರೂ ಕೂರಿಸೋಣವೆಂದರೆ ಸಿಯಾಲೆ ಒಪ್ಪಲಿಲ್ಲ. “ಅತ್ತೆ ಕೂರದಿದ್ರೆ ನಾನೂ ಕೂರಲ್ಲ” ಎಂದು ಹಟ ಹಿಡಿದಳು. ಪಿಸಿಲಕ್ಕ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದನ್ನು ಅಭ್ಯಾಸ ಮಾಡಿದರು. ಅಕ್ಕಿ ಬೇಯುವಷ್ಟು ಹೊತ್ತೂ ಆಗಲಿಲ್ಲ.

ಮದುವೆಯ ಬೆಳಿಗ್ಗೆ ನಾನು ಅವರ ಜಡೆ ಹಾಕುತ್ತಿದ್ದೆ. ಲೆಸಿಯೇಲಿ ಒಂದು ಗಂಟು ಹಿಡಿದು ಬಂದಳು. “ಅತ್ತಿಗೆ, ಇವರು ಕೊಟ್ಟರು. ಕಾಲಿಗಂತೆ.” ಬಿಚ್ಚಿದರೆ ಹಳೇ ದೋಣಿಯ ಸೀಟಿನಿಂದ ಕೊಯ್ದು ಮಾಡಿದ ದಪ್ಪ ಮೆತ್ತೆ. ಹಿಂಭಾಗದ ನಡುವೆ, ಸರಿಯಾಗಿ ಆ ಮೂಳೆ ಬರುವ ಕಡೆ, ನೆಲಕ್ಕೆ ತಾಗದ ಹಾಗೆ ಒಂದು ತುಂಡು ಕತ್ತರಿಸಿ ತೆಗೆದಿದೆ. ಮೇಲೆ ಪಿಸಿಲಕ್ಕನೇ ಕುಟ್ಟಿದ ಬಟ್ಟೆಯ ಹೊದಿಕೆ, ಗಂಡಸಿನ ಒರಟು ಹೊಲಿಗೆ.

ಪಿಸಿಲಕ್ಕ ಆ ಕತ್ತರಿಸಿದ ಜಾಗಕ್ಕೆ ಕೈಯಿಟ್ಟು ನೋಡಿದರು, ಮತ್ತೆ ನೋಡಿದರು. “ಮೊದಲಿಂದಲೂ ಗೊತ್ತಿತ್ತು ಕಣೇ ಅವನಿಗೆ” ಎಂದವರು ಸೆರಗಿಲ್ಲದ ಊರಲ್ಲಿ ಅಂಗೈಯಿಂದಲೇ ಕಣ್ಣೊರೆಸಿಕೊಂಡರು. ಪಪ್ಪಾಯಿಯ ಗುಟ್ಟು ನಮಗೆ ಆಗ ಹೊಳೆಯಿತು: ಹೊಟ್ಟೆ ಸಲೀಸಾದರೆ ಆ ಮೂಳೆಗೆ ನೋವು ಕಮ್ಮಿ.

ಕೂತರು. ಹಾಡಾಯಿತು, ಪ್ರಾರ್ಥನೆಯಾಯಿತು, ಹಂದಿ ಬಂತು, ಗೆಣಸು ಬಂತು, ಗಂಡಿನ ಕಡೆಯ ಯಜಮಾನರ ಮುಗಿಯದ ಭಾಷಣವೂ ಬಂತು. ಬೆವರು ಇಳಿಯುತ್ತಿತ್ತು, ನೋವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅತ್ತೆ ಅಲುಗಲಿಲ್ಲ. ಕೊನೆಗೆ ಕೆಪುವೇಲಿ ಬಗ್ಗಿಕೊಂಡು ಹತ್ತಿರ ಬಂದ, ನೆಲ ನೋಡುತ್ತ ಕೇಳಿದ.

“ಕಾಲು ಹೇಗಿದೆ, ಅಕ್ಕ?”

“ಆರಾಮಾಗಿ ಕೂತಿದೆಯಪ್ಪ.”

ಅವನು ತಲೆಯಾಡಿಸಿ, ಹಿಂದೆ ಸರಿದು, ಸಮುದ್ರದ ಕಡೆ ಮುಖ ತಿರುಗಿಸಿದ. ಈ ಸಲ ಅವನ ಹೆಗಲು ಅಲುಗುತ್ತಿತ್ತು, ನಗುವೋ ಅಳುವೋ ನನಗೆ ಕಾಣಲಿಲ್ಲ.

ಈಗ ದಿಮ್ಮಿಯ ಮೇಲೆ ಬಿಸಿಲು ಬಂದಿದೆ. ಮಂಡಿ ಸೋತಾಗ ಪಿಸಿಲಕ್ಕ ಆ ಮೆತ್ತೆ ಎಳೆದುಕೊಂಡು ಸ್ವಲ್ಪ ಹೊತ್ತು ಕೂರುತ್ತಾರೆ. ಮೂಳೆ ನಿಧಾನಕ್ಕೆ ಕೂಡುತ್ತಿದೆ. ಎಲ್ಲರಿಗೂ ಎಲ್ಲವೂ ಗೊತ್ತಾದ ಮೇಲೆ ಆ ಬ್ಯಾಂಡೇಜಾದರೂ ಬಿಚ್ಚಬಾರದೆ ಎಂದು ಕೇಳಿದೆ.

“ಅವನು ಬಿಚ್ಚು ಅನ್ನೋವರೆಗೂ ಬಿಚ್ಚಲ್ಲ” ಎಂದು ಕೊಡತಿ ಎತ್ತಿಕೊಂಡರು. “ನನ್ ತಮ್ಮನಷ್ಟು ಚೆನ್ನಾಗಿ ಕಾಲು ನೋಡೋ ಡಾಕ್ಟ್ರು ಯಾವ ಊರಲ್ಲಿದಾನೆ, ತೋರ್ಸು ನೋಡೋಣ.”