ಬೀಗಣ್ಣ ತೆಗೆದ ಬೀಗ

ನಮ್ಮ ಬೀಗಣ್ಣ ತನ್ನ ಸ್ಕೂಟರಿಗೂ ಬೀಗ ಹಾಕುತ್ತಿದ್ದವನಲ್ಲ. ಒಮ್ಮೆ ಅದು ಕಳುವಾಗಿ, ಕದ್ದವನೇ ಬೇಸತ್ತು ಮುಂದಿನ ತಿರುವಿನಲ್ಲಿ ಬಿಟ್ಟುಹೋಗಿದ್ದ. ಅವನಿಗೆ ಆ ಹೆಸರು ಅಂಟಿದ್ದು ಕಂಪ್ಯೂಟರಿನ ಬೀಗಗಳಿಂದ. ಆಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಅವನ ಮೇಜೂ ನನ್ನ ಮೇಜೂ ಅಕ್ಕಪಕ್ಕ. ಅವನ ಗೊಣಗಾಟ, ಆರಿಹೋದ ಚಹಾ, ಮೇಜಿನ ಕೆಳಗೆ ಬಿಚ್ಚಿಟ್ಟ ಚಪ್ಪಲಿ ಎಲ್ಲವನ್ನೂ ವರ್ಷಗಟ್ಟಲೆ ಸಹಿಸಿದವಳು ನಾನು. ಅವನ ಕತೆ ಹೇಳಲು ನನಗಿಂತ ಹಕ್ಕುಳ್ಳವರು ಯಾರಿದ್ದಾರೆ?

ಒಂದೇ ಫೈಲಿಗೆ ಎರಡು ಪ್ರೋಗ್ರಾಂಗಳು ಒಟ್ಟಿಗೆ ಬರೆಯಲು ಹೊರಟರೆ ಫೈಲು ಕೆಟ್ಟು ಕೆರ ಹಿಡಿಯುತ್ತದೆ. ಅದಕ್ಕೆ ಬೀಗಣ್ಣ ಒಂದು ಏರ್ಪಾಡು ಮಾಡಿದ್ದ. ಮೊದಲು ಬಂದ ಪ್ರೋಗ್ರಾಂ ಫೈಲಿಗೆ ಬೀಗ ಹಾಕಿ, ಬೀಗದ ಮೇಲೆ ತನ್ನ ನಂಬರು ಬರೆದಿಡಬೇಕು. ಎರಡನೆಯದು ಬಾಯಿ ಮುಚ್ಚಿಕೊಂಡು ಹೊರಗೆ ಕಾಯಬೇಕು. ಬೀಗ ಬಿದ್ದ ಫೈಲನ್ನು, ದಿನವೂ ಎಲ್ಲದರ ನಕಲು ತೆಗೆದಿಡುವ ಬ್ಯಾಕಪ್ ಕೂಡ ಮುಟ್ಟಬಾರದು. ಕೆಲವು ಸಲ ಬೀಗ ಹಾಕಿದ ಪ್ರೋಗ್ರಾಂ ಅರ್ಧದಲ್ಲೇ ಸತ್ತುಹೋಗಿ ಬೀಗ ಹಾಗೇ ಉಳಿಯುತ್ತಿತ್ತು. ಆಗ ಮೇಲಿನ ಮಹಡಿಗಳಿಂದ ಫೋನಿನ ಮೇಲೆ ಫೋನು. ಬೀಗಣ್ಣ ನಂಬರು ನೋಡಿ, ಆ ನಂಬರಿನವನು ಬದುಕಿದ್ದಾನೆಯೇ ಎಂದು ಹುಡುಕಿ, ಇಲ್ಲವೆಂದಾದರೆ ಮಾತ್ರ ಬೀಗ ತೆಗೆಯುತ್ತಿದ್ದ.

ಈ ಹುಚ್ಚು ಅವನ ಮೈಗೂ ಹತ್ತಿತ್ತು. ನನ್ನ ಸ್ಟೇಪ್ಲರ್ ಒಯ್ದರೆ ಅದಿದ್ದ ಜಾಗದಲ್ಲಿ 'ನನ್ನ ಹತ್ತಿರ ಇದೆ' ಎಂದು ಚೀಟಿ ಇಡುತ್ತಿದ್ದ. ಅವನ ಮನೆಗೆ ಮೊದಲ ಸಲ ಹೋದಾಗ ಅವನ ಅಕ್ಕ ಬಾಗಿಲಲ್ಲೇ ದೂರು ಶುರು ಮಾಡಿದ್ದಳು. "ಈ ಮಹರಾಯ ಫ್ರಿಜ್ ತೆಗೆಯೋಕೂ ನನ್ನ ಕೇಳ್ತಾನೆ ಕಣಮ್ಮ. ನಾನೇನು ಅದರೊಳಗೆ ಕೂತಿರ್ತೀನಾ?"

ಆ ದನಿ ಬೀದಿಯ ಆ ತುದಿಗೂ ಕೇಳಿಸಿರಬೇಕು. ಅಕ್ಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಸೀಟಿ ಇಟ್ಟುಕೊಂಡವಳೇ ಅಲ್ಲ. ಒಂದು ಸಲ "ಕಾಲು!" ಎಂದು ಕೂಗಿದರೆ ಕೊಳದಲ್ಲಿದ್ದ ಕಾಲುಗಳೆಲ್ಲ ನೆಟ್ಟಗಾಗುತ್ತಿದ್ದವು. ತಾಯಿ ತೀರಿಕೊಂಡಾಗ ಬೀಗಣ್ಣ ಇನ್ನೂ ಅಂಬೆಗಾಲಿಡುತ್ತಿದ್ದ. ಅಕ್ಕನೇ ಎತ್ತಿ ಆಡಿಸಿದವಳು, ಓದಿಸಿದವಳು. ಅವಳು ಮದುವೆಯ ಮಾತೆತ್ತಲಿಲ್ಲ. ಇವನಿಗೆ ಆ ಯೋಚನೆ ಬರುವ ಹೊತ್ತಿಗೆ ತಲೆ ಬೋಳಾಗಿತ್ತು. ಅಕ್ಕ ಬೈಯುವುದು, ತಮ್ಮ ಬೈಸಿಕೊಳ್ಳುವುದು, ಇಬ್ಬರಿಗೂ ಅದೇ ಸುಖ ಸಂಸಾರ.

ಅಕ್ಕನ ದನಿ ಒಡೆದಾಗ ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡರು. ಎಷ್ಟು ದಿನವಾದರೂ ಸರಿಹೋಗಲಿಲ್ಲ. ಕೊನೆಗೆ ನಮ್ಮ ಆಸ್ಪತ್ರೆಯಲ್ಲೇ ತೋರಿಸಿದಾಗ ಗಡ್ಡೆ ಎಂದರು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಅಕ್ಕ ಮಾತಾಡುವಂತಿಲ್ಲ. ಬೀಗಣ್ಣ ನೆಲಮಾಳಿಗೆಗೆ ಬಂದು ಅದನ್ನು ನನಗೆ ಹೇಳಿದವನು, ನನ್ನ ಸ್ಟೇಪ್ಲರನ್ನು ಚೀಟಿ ಇಡದೆ ಒಯ್ದ.

ನಮ್ಮಲ್ಲಿ ಮಾತಿನ ಚಿಕಿತ್ಸೆಯ ವಿಭಾಗವೊಂದಿದೆ. ಮಾತು ಕಳೆದುಕೊಳ್ಳಲಿರುವವರು ಮೊದಲೇ ಬಂದು, ಮೆತ್ತೆ ಹೊದಿಸಿದ ಪುಟ್ಟ ಕೋಣೆಯಲ್ಲಿ ಕುಳಿತು, ದಿನನಿತ್ಯದ ವಾಕ್ಯಗಳನ್ನು ಹೇಳಿ ರೆಕಾರ್ಡು ಮಾಡಿಸಬಹುದು. ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ಯಂತ್ರದ ಗುಂಡಿ ಒತ್ತಿದರೆ ಅವರ ದನಿಯಲ್ಲೇ ಮಾತು ಬರುತ್ತದೆ. ಅಕ್ಕ ವಾರವಿಡೀ ಹೋದಳು. ಬೀಗಣ್ಣ ರಜೆ ಹಾಕಿ ಜೊತೆಗೆ ಕುಳಿತ. ದನಿ ಒಡೆದಿದ್ದರೂ ಅವಳದೇ ದನಿ. "ಬಾಗಿಲು ತೆಗಿ", "ಊಟ ಮಾಡಿದ್ಯಾ?", "ಈ ಹುಡುಗನಿಗೆ ಬುದ್ಧಿ ಯಾವಾಗ ಬರುತ್ತೋ!" ಕೊನೆಯದನ್ನು ಅವಳೇ ಸೇರಿಸಿದ್ದಂತೆ.

ಕೊನೆಯ ದಿನ ಮಧ್ಯಾಹ್ನ ರೆಕಾರ್ಡಿಂಗ್ ಮುಗಿಯಿತು. ಅಕ್ಕನನ್ನು ವಾರ್ಡಿಗೆ ಬಿಟ್ಟು ಬೀಗಣ್ಣ ತನ್ನ ಮೇಜಿಗೆ ಬಂದು ಕುಳಿತಿದ್ದ. ಮಾತಿನ ಚಿಕಿತ್ಸೆಯ ವಿಭಾಗದಿಂದ ಫೋನು ಬಂತು. ದನಿಯನ್ನು ಶುದ್ಧ ಮಾಡುವ ಪ್ರೋಗ್ರಾಂ ಬೀಗದ ಹೊರಗೆ ಕಾಯುತ್ತಾ ನಿಂತುಬಿಟ್ಟಿದೆ, ಬೆಳಿಗ್ಗೆಯೇ ಶಸ್ತ್ರಚಿಕಿತ್ಸೆ, ಏನಾದರೂ ಮಾಡಿ ಎಂದರು. ಬೀಗಣ್ಣ ಬೀಗದ ನಂಬರು ನೋಡಿದ. ನಮ್ಮ ಕಂಪ್ಯೂಟರಿನಲ್ಲಿ ಹುಡುಕಿದ. ಆ ನಂಬರಿನವನು ಇರಲಿಲ್ಲ. ಸತ್ತವನ ಬೀಗ ಎಂದು ತೆಗೆದುಬಿಟ್ಟ.

ಅವನು ಆ ಏರ್ಪಾಡು ಬರೆದ ಕಾಲದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಆಮೇಲೆ ರೆಕಾರ್ಡಿಂಗ್ ಕೋಣೆಗೆ ಬೇರೆಯದೇ ಬಂದಿತ್ತು, ಫೈಲುಗಳಿರುವ ಡಿಸ್ಕು ಮಾತ್ರ ಎರಡಕ್ಕೂ ಒಂದೇ. ಬೀಗದ ಮೇಲೆ ನಂಬರು ಇತ್ತೇ ಹೊರತು ಯಾವ ಕಂಪ್ಯೂಟರಿನ ನಂಬರೆಂದು ಇರಲಿಲ್ಲ. ಅವನು ಸತ್ತಿತೆಂದುಕೊಂಡ ಪ್ರೋಗ್ರಾಂ ಮೇಲಿನ ಕೋಣೆಯ ಕಂಪ್ಯೂಟರಿನಲ್ಲಿ ಜೀವಂತವಾಗಿತ್ತು. ರೆಕಾರ್ಡು ಮಾಡಿಸಿದ ಚಿಕಿತ್ಸಕಿ ಅದನ್ನು ಮುಚ್ಚದೆ ಹೋಗಿದ್ದಳು. ಶುದ್ಧ ಮಾಡುವ ಪ್ರೋಗ್ರಾಂ ಫೈಲಿನ ತಲೆಯಿಂದ ತಿದ್ದುತ್ತಾ ಬಂತು, ಇನ್ನೊಂದು ತನ್ನ ಲೆಕ್ಕದಂತೆ ಆಗಾಗ ಅದರ ಮೇಲೇ ಬರೆಯಿತು. ಪರದೆಯ ಮೇಲೆ 'ಮುಗಿಯಿತು' ಎಂದು ಬಂತು. ಆ ಗಡಿಬಿಡಿಯಲ್ಲಿ ಯಾರೂ ಕೇಳಿ ನೋಡಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಅಕ್ಕ ಎದ್ದು ಕೂರುವಂತಾದಾಗ ಯಂತ್ರವನ್ನು ಅವಳ ತೊಡೆಯ ಮೇಲಿಟ್ಟರು. ಬೀಗಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಅಕ್ಕ ಗುಂಡಿ ಒತ್ತಿದಳು. ಕರಕರ ಸದ್ದು ಬಂತು. ಇನ್ನೊಂದು ಒತ್ತಿದಳು. ಅದೇ ಸದ್ದು. ಏನಾಗಿದೆ ಎಂಬುದು ಆ ಕ್ಷಣಕ್ಕೇ ಅವನಿಗೆ ಹೊಳೆದಿತ್ತು.

ನಾವಿಬ್ಬರೂ ರೆಕಾರ್ಡಿಂಗ್ ಕೋಣೆಗೆ ಓಡಿದೆವು. ಆ ವಾರ ಬೇರೆ ರೋಗಿಗಳು ಬಂದಿರಲಿಲ್ಲ, ಪ್ರೋಗ್ರಾಂ ಹಾಗೇ ನಡೆಯುತ್ತಿತ್ತು. ಬ್ಯಾಕಪ್ ನೋಡಿದೆವು. ರೆಕಾರ್ಡಿಂಗ್ ನಡೆದಷ್ಟು ದಿನವೂ ಫೈಲಿಗೆ ಬೀಗವಿದ್ದುದರಿಂದ ಅದು ವಿಧೇಯವಾಗಿ ಪಕ್ಕಕ್ಕೆ ಸರಿದು ಹೋಗಿತ್ತು. ಅದನ್ನು ಹಾಗೆ ತಿದ್ದಿದವನೂ ಇವನೇ. ಚಿಕಿತ್ಸಕಿ ಗಾಬರಿಯಲ್ಲಿ, "ಒಂದ್ಸಲ ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗ್ಬಹುದೇನೋ" ಎನ್ನುತ್ತಾ ಸ್ವಿಚ್ಚಿಗೆ ಕೈ ಹಾಕಿದಳು.

"ಮುಟ್ಬೇಡಿ!" ಎಂದು ಬೀಗಣ್ಣ ಚೀರಿದ. ಅವನ ಗಂಟಲಲ್ಲಿ ಅಂಥ ದನಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು.

ಮೈಕಿನಿಂದ ಬಂದ ದನಿ ಮೊದಲು ಮೆಮೊರಿಯ ಒಂದು ತುಣುಕಿಗೆ ಬರುತ್ತದೆ. ಜಾಗ ಸಾಲದಾದಾಗ ಕಂಪ್ಯೂಟರು ಮೆಮೊರಿಯಲ್ಲಿರುವುದನ್ನು ಎತ್ತಿ ಡಿಸ್ಕಿಗೆ ತಳ್ಳುವುದುಂಟು. ಹಾಗಾದರೆ ದನಿ ತುಂಡು ತುಂಡಾಗುತ್ತದೆ. ಅದಕ್ಕೇ ಆ ತುಣುಕಿಗೆ ಮೊಳೆ ಹೊಡೆದಿಟ್ಟಿರುತ್ತಾರೆ. ಪ್ರೋಗ್ರಾಂ ಬದುಕಿರುವವರೆಗೆ ಯಾರೂ ಅದನ್ನು ಕದಲಿಸುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಚಿಕ್ಕ ತುಣುಕು, ಹೊಸ ದನಿ ಬಂದಂತೆ ಹಳೆಯದು ಅಳಿಯುತ್ತದೆ. ಆದರೆ ಕಟ್ಟಕಡೆಗೆ ಬಂದದ್ದು ಅಲ್ಲೇ ಇರಬೇಕು. ಸ್ವಿಚ್ಚು ಆರಿಸಿದ್ದರೆ ಅದೂ ಹೋಗುತ್ತಿತ್ತು.

ಬೀಗಣ್ಣ ಬದುಕಿದ್ದ ಪ್ರೋಗ್ರಾಮಿನ ಮೆಮೊರಿಗೆ ಕೈ ಹಾಕಿ ಆ ತುಣುಕನ್ನು ಹೊರತೆಗೆದ. ಅದನ್ನು ಕೇಳಲು ನಾನೇ ಕೀಲಿ ಒತ್ತಿದೆ. ಕುರ್ಚಿ ಕಿರ್ ಎಂದಿತು. ಆಮೇಲೆ ಅಕ್ಕ ಹೇಳಿದಳು: "ಸಾಕಾಯ್ತಪ್ಪ. ಒಂದ್ ಲೋಟ ನೀರು ಕೊಡೋ."

ಅಷ್ಟೇ. ವಾಕ್ಯಗಳೆಲ್ಲ ಮುಗಿದ ಮೇಲೆ, ಮೈಕು ಆರಿಸುವ ಮುಂಚೆ, ತಮ್ಮನಿಗೆ ಹೇಳಿದ ಮಾತು. ಅದನ್ನೇ ಯಂತ್ರದ ಒಂದು ಗುಂಡಿಗೆ ಹಾಕಿಕೊಟ್ಟೆವು. ಅವಳ ದನಿ ಫೋನಿನಲ್ಲಿ, ವಿಡಿಯೋದಲ್ಲಿ ಎಲ್ಲೂ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾವೂ ಹುಡುಕಿದೆವು. ಫೋಟೋ ಎಂದರೆ ಮಾರು ದೂರ ಓಡುತ್ತಿದ್ದ ಹೆಂಗಸು ಅವಳು. ಈಜು ಕಲಿಯುತ್ತಿದ್ದ ಮಕ್ಕಳ ತಂದೆತಾಯಿಯರ ವಿಡಿಯೋಗಳಲ್ಲಿ ನೀರಿನ ಸದ್ದು, ಮಕ್ಕಳ ಕಿರುಚಾಟ, ಅದರ ಹಿಂದೆಲ್ಲೋ ಅಕ್ಕ. ಒಂದು ಪದವೂ ಬಿಡಿಸಿ ತೆಗೆಯಲು ಬರಲಿಲ್ಲ.

ಆಸ್ಪತ್ರೆಯವರು ವಿಚಾರಣೆ ಮಾಡಿ, ಯಾರ ತಪ್ಪೂ ಅಲ್ಲ ಎಂದು ಕೈತೊಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಯಾರಾದರೂ ಅವನನ್ನು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಬೇಕಾದವಳಿಗೆ ದನಿಯೇ ಇರಲಿಲ್ಲ. ಅವನು ಬೀಗದ ಏರ್ಪಾಡನ್ನು ತಿದ್ದಿ, ನಂಬರಿನ ಜೊತೆ ಕಂಪ್ಯೂಟರಿನ ಹೆಸರೂ ಇರುವಂತೆ ಮಾಡಿ, ಕೆಲಸ ಬಿಟ್ಟು ಮನೆಯಲ್ಲಿ ಕುಳಿತ.

ಯಂತ್ರದಲ್ಲಿ ಇನ್ನೊಂದು ಅನುಕೂಲವಿತ್ತು. ಅಕ್ಷರ ಒತ್ತಿದರೆ ಯಾರೋ ಹೆಂಗಸಿನ ಸಪಾಟು ದನಿ ಓದಿ ಹೇಳುತ್ತಿತ್ತು. ಅಕ್ಕನಿಗೆ ಅದು ಸೇರುತ್ತಿರಲಿಲ್ಲ. 'ಆ ಹೆಂಗಸು ನಮ್ಮ ಮನೇಲಿ ಮಾತಾಡೋದು ಬೇಡ' ಎಂದು ಕಾಗದದ ಮೇಲೆ ಬರೆದು ತೋರಿಸಿದ್ದಳು. ಎಲ್ಲದಕ್ಕೂ ತನ್ನ ದನಿಯ ಆ ಒಂದೇ ಗುಂಡಿ. ಬೆನ್ನು ನೋಯುತ್ತಿದ್ದರೆ, "ನೀರು ಕೊಡೋ." ದೀಪ ಆರಿಸಬೇಕಾದರೆ, "ನೀರು ಕೊಡೋ." ತಮ್ಮ ಮೂಲೆಯಲ್ಲಿ ಮುಖ ಇಳಿಬಿಟ್ಟು ಕುಳಿತರೆ, "ಸಾಕಾಯ್ತಪ್ಪ." ಅವನು ಪ್ರತಿ ಸಲ ಏಳುತ್ತಿದ್ದ, ಮೊದಲು ನೀರು ತರುತ್ತಿದ್ದ, ಆಮೇಲೆ ಅವಳ ಕಣ್ಣು ನೋಡಿ ಏನು ಬೇಕೆಂದು ತಿಳಿದುಕೊಳ್ಳುತ್ತಿದ್ದ.

ಗಡ್ಡೆ ಮತ್ತೆ ಬಂತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾನು ಹೋದೆ. ಅಕ್ಕ ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದಳು. ಗುಂಡಿ ಒತ್ತಿದಳು. ಬೀಗಣ್ಣ ನೀರು ತಂದ. ಅಲ್ಲವೆಂದು ತಲೆಯಾಡಿಸಿದಳು. ದಿಂಬು ಸರಿಮಾಡಿದ. ಅದಲ್ಲ. ಕಿಟಕಿ ತೆರೆದ, ಹೊದಿಕೆ ಎಳೆದ, ಕಾಲು ಒತ್ತಿದ. ಅದೂ ಅಲ್ಲ. ಅವಳು ಮತ್ತೆ ಗುಂಡಿ ಒತ್ತಿದಳು.

"ಏನಕ್ಕ ಬೇಕು? ನಂಗೆ ಗೊತ್ತಾಗ್ತಿಲ್ಲ ಅಕ್ಕ, ಬರೆದಾದ್ರೂ ತೋರ್ಸು" ಎಂದ, ಅಳುವಂತಾಗಿ.

ಪೆನ್ನು ಹಿಡಿಯುವ ಶಕ್ತಿ ಅವಳ ಕೈಗಿರಲಿಲ್ಲ. ಯಂತ್ರವನ್ನು ಎಳೆದುಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಆ ಪರಕೀಯ ಹೆಂಗಸು ಓದಿದಳು: "ಏನೂ ಬೇಡ. ನನ್ನ ದನಿ ಕೇಳಬೇಕು ಅನ್ನಿಸಿತು."

ಬೀಗಣ್ಣ ಲೋಟ ಹಿಡಿದುಕೊಂಡೇ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕುಳಿತ. ಅಕ್ಕ ಇನ್ನೊಮ್ಮೆ ಗುಂಡಿ ಒತ್ತಿದಳು. ಈ ಸಲ ಅವನು ಏಳಲಿಲ್ಲ. ಮೂವರೂ ಕೇಳುತ್ತಾ ಕುಳಿತೆವು.